ಕಲ್ಲು ತೊಳೆಯುವ ಹವ್ಯಾಸ

ನಮ್ಮ ಅಡುಗೆಮನೆಗಳಲ್ಲಿ ನುಣುಪು ಕಲ್ಲಿಗೆ ಮರ್ಯಾದೆ ಇರಲಿಲ್ಲ. ಒರಳುಕಲ್ಲು ರುಬ್ಬಿ ರುಬ್ಬಿ ನುಣ್ಣಗಾಯಿತೆಂದರೆ ಅದು ಕೈಕೊಟ್ಟಿತೆಂದೇ ಲೆಕ್ಕ. ಅಕ್ಕಿ ಜಾರುತ್ತದೆ, ಉದ್ದು ಒದಗುವುದಿಲ್ಲ, ಚಟ್ನಿಯಲ್ಲಿ ಕಾಯಿಚೂರು ಹಲ್ಲಿಗೆ ಸಿಗುತ್ತದೆ. ಆಗ ಉಳಿ ಸುತ್ತಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಕೂಗುತ್ತ ಬರುವವರನ್ನು ಕರೆದು ಕಲ್ಲಿಗೆ ಮುಳ್ಳು ಹೊಡೆಸಬೇಕು. ಅವರು ಟಕಟಕನೆ ಕಲ್ಲಿನ ಮೈತುಂಬ ಚುಕ್ಕಿ ಇಟ್ಟು, ಕಾಫಿ ಕುಡಿದು, ದುಡ್ಡು ಇಸಿದುಕೊಂಡು ಹೋದ ಮೇಲೆ ಒಂದು ಹಿಡಿ ನುಚ್ಚು ರುಬ್ಬಿ ಚೆಲ್ಲಿ, ಆಮೇಲೆಯೇ ದೋಸೆಗೆ ನೆನೆಹಾಕಿದ್ದು ಒರಳಿಗೆ ಬೀಳುತ್ತಿತ್ತು. ಕಲ್ಲೆಂದರೆ ಒರಟಾಗಿರಬೇಕು ಎಂಬುದು ನಮ್ಮ ಮನೆತನದ ನಂಬಿಕೆ.

ಅಂಥ ಮನೆತನದಲ್ಲಿ ಹುಟ್ಟಿದವನು ನಿವೃತ್ತಿಯಾದ ಮೇಲೆ, ಕರೆಂಟು ಸುಟ್ಟು, ನೀರು ಸುರಿದು, ತಿಂಗಳುಗಟ್ಟಲೆ ಕಲ್ಲನ್ನು ನುಣ್ಣಗೆ ಮಾಡುತ್ತ ಕೂತಿದ್ದೇನೆಂದರೆ ಪಿತೃಗಳಿಗೆ ಏನನ್ನಿಸೀತು! ಪಿತೃಗಳ ಮಾತಿರಲಿ, ಕೆಳಗಿನ ಮನೆಯವರು ಈಗಾಗಲೇ ಹೇಳಿಯಾಗಿದೆ. ಕೆಲಸವಿಲ್ಲದ ಬಡಗಿ ಏನು ಕೆತ್ತಿದ ಎಂಬ ಗಾದೆ ಅವರಿಗೂ ಗೊತ್ತು, ನನಗೂ ಗೊತ್ತು. ಅರ್ಧಕ್ಕೆ ನಿಲ್ಲಿಸಿ ನಕ್ಕರು; ಅದು ಅವರ ದೊಡ್ಡತನ.

ಯಂತ್ರದ ಹೆಸರು ರಾಕ್ ಟಂಬ್ಲರ್. ಹೆಸರು ಕೇಳಿದರೆ ಬಂಡೆ ಒಡೆಯುವ ರಾಕ್ಷಸನನ್ನು ಕಲ್ಪಿಸಿಕೊಳ್ಳಬೇಡಿ. ಎರಡು ಸಣ್ಣ ಉರುಳೆ, ಅದರ ಮೇಲೆ ಅಡ್ಡ ಮಲಗಿಸಿದ ಒಂದು ರಬ್ಬರ್ ಡಬ್ಬ, ಉರುಳೆ ತಿರುಗಿಸಲು ಒಂದು ಬೆಲ್ಟು, ಒಂದು ಬಡಪಾಯಿ ಮೋಟಾರು. ಇಷ್ಟೇ. ಡಬ್ಬದಲ್ಲಿ ಕಲ್ಲು, ನೀರು, ಒಂದಿಷ್ಟು ಪುಡಿ ಹಾಕಿ ಮುಚ್ಚಳ ಬಿಗಿದು ಸ್ವಿಚ್ಚು ಒತ್ತಿದರೆ ಅದು ಹಗಲೂ ರಾತ್ರಿ ತಿರುಗುತ್ತದೆ. ಅಮೆರಿಕದಲ್ಲಿ ಇದನ್ನು ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುತ್ತಾರಂತೆ. ನಮಗೂ ಬಂದದ್ದು ಅಲ್ಲಿಂದಲೇ. ಅಣ್ಣನ ಮಗನ ಮಕ್ಕಳು ಒಂದು ವಾರ ಆಡಿ ಬಿಟ್ಟಿದ್ದನ್ನು ಅವನು ಸೂಟ್‌ಕೇಸಿನಲ್ಲಿ ತಂದು, "ಚಿಕ್ಕಪ್ಪ, ನಿಮಗೆ ಟೈಮ್ ಪಾಸ್" ಎಂದು ಕೊಟ್ಟುಹೋದ. ಮಕ್ಕಳು ಯಾಕೆ ಬಿಟ್ಟರು ಎಂಬುದು ಆಮೇಲೆ ತಿಳಿಯಿತು. ಒಂದು ಕಲ್ಲು ಹೊಳೆಯಬೇಕಾದರೆ ನಾಲ್ಕು ವಾರ ಬೇಕು, ಆರಾದರೂ ಆಶ್ಚರ್ಯವಿಲ್ಲ. ಎಂಟು ವರ್ಷದ ಮಗುವಿಗೆ ಅದು ಅರ್ಧ ಆಯುಷ್ಯ.

ಅಲ್ಲಿಯ ಕರೆಂಟು 120 ವೋಲ್ಟು, 60 ಹರ್ಟ್ಸ್. ನಮ್ಮದು 230 ವೋಲ್ಟು, 50 ಹರ್ಟ್ಸ್. ಹಾಗಾಗಿ ಯಂತ್ರದ ಪಕ್ಕದಲ್ಲಿ ಅದಕ್ಕಿಂತ ಭಾರವಾದ ಟ್ರಾನ್ಸ್‌ಫಾರ್ಮರ್ ಒಂದು ಕೂರಬೇಕಾಯಿತು. ಅದು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸಿನ ಗೋಜಿಗೆ ಹೋಗುವುದಿಲ್ಲ. ಇಂಥ ಮೋಟಾರಿನ ವೇಗ ಹರ್ಟ್ಸನ್ನೇ ನಂಬಿಕೊಂಡಿರುವುದರಿಂದ ಅಲ್ಲಿ ಆರು ಸುತ್ತು ಹಾಕುತ್ತಿದ್ದ ಡಬ್ಬ ಇಲ್ಲಿ ಹೆಚ್ಚುಕಡಿಮೆ ಐದು ಸುತ್ತು ಹಾಕುತ್ತದೆ. ನಮ್ಮ ನೀರು ಕುಡಿದ ಮೇಲೆ ಯಾರಾದರೂ ಸ್ವಲ್ಪ ಸಾವಧಾನ ಕಲಿಯಲೇಬೇಕು.

ಶಬ್ದದ ವಿಷಯ ಹೇಳಿಬಿಡುತ್ತೇನೆ. ಗರಗರ ಎನ್ನುವುದೂ ಅಲ್ಲ, ಸರಸರ ಎನ್ನುವುದೂ ಅಲ್ಲ, ನಡುವೆ ಎಲ್ಲೋ ಒಂದು. ಮೊದಮೊದಲು ಎದುರುಮನೆಯಾಕೆ ನನ್ನ ಹೆಂಡತಿಯನ್ನು ಹಾಲಿನ ಬೂತಿನ ಹತ್ತಿರ ನಿಲ್ಲಿಸಿ, "ಮನೇಲಿ ಏನ್ರೀ ಕಾರ್ಯ? ರಾತ್ರಿಯಿಡೀ ಗ್ರೈಂಡರ್ ಓಡ್ತಾ ಇತ್ತು" ಎಂದು ಕೇಳಿದರಂತೆ. "ನಮ್ಮನೆಯವರು ಕಲ್ಲು ರುಬ್ಬುತ್ತಿದ್ದಾರೆ" ಎಂದು ಹೇಳಲು ಇವಳಿಗೆ ಬಾಯಿ ಬರಲಿಲ್ಲ. ನೆಂಟರು ಬರುತ್ತಾರೆ ಎಂದುಬಿಟ್ಟಳು. ಎಲ್ಲರೂ ಮಲಗಿ, ನಾಯಿಗಳೂ ಬೊಗಳುವುದು ಬಿಟ್ಟ ಕಲ್ಲು ಕರಗುವ ಹೊತ್ತಿನಲ್ಲಿ ನಮ್ಮ ಯುಟಿಲಿಟಿಯಲ್ಲಿ ನಿಜಕ್ಕೂ ಕಲ್ಲು ಕರಗುತ್ತಿರುತ್ತದೆ.

ಡಬ್ಬದೊಳಗೆ ಕಲ್ಲು ಮೇಲಕ್ಕೇರಿ ಧೊಪ್ಪನೆ ಬೀಳುತ್ತದೆಂದು ಎಲ್ಲರೂ ತಿಳಿಯುತ್ತಾರೆ. ಹಾಗೆ ಬಿದ್ದರೆ ಕಲ್ಲು ಸೀಳುತ್ತದೆ, ಅಂಚು ಚಕ್ಕೆ ಏಳುತ್ತದೆ. ಡಬ್ಬದ ಮುಕ್ಕಾಲು ಭಾಗ ಕಲ್ಲು ತುಂಬಿರಬೇಕು, ಮೇಲಿನ ಪದರಕ್ಕೆ ಮುಟ್ಟಿಯೂ ಮುಟ್ಟದ ಹಾಗೆ ನೀರಿರಬೇಕು. ಆಗ ಗೋಡೆ ಹಿಡಿದು ಸ್ವಲ್ಪ ಏರಿದ ಕಲ್ಲುಗಳು ಒಂದರ ಮೇಲೊಂದು ಜಾರುತ್ತ ಇಳಿಯುತ್ತವೆ. ಆ ಜಾರಾಟದಲ್ಲೇ ಅರೆತವೆಲ್ಲ. ಗಾತ್ರದಲ್ಲಿ ದೊಡ್ಡವು, ಚಿಕ್ಕವು, ಮಧ್ಯಮದವು ಬೆರೆತಿರಬೇಕು. ಒಂದೇ ಅಳತೆಯವನ್ನು ತುಂಬಿದರೆ ಅವು ಒಂದಕ್ಕೊಂದು ಸೋಕುವುದೇ ಕಡಿಮೆ. ಕೂಡುಕುಟುಂಬದ ಪರವಾಗಿ ಭಾಷಣ ಮಾಡುವವರು ಈ ಸಂಗತಿಯನ್ನು ಬಳಸಿಕೊಳ್ಳಬಹುದು, ನನ್ನ ಅಡ್ಡಿಯಿಲ್ಲ.

ಹಾಕುವ ಪುಡಿ ಸಿಲಿಕಾನ್ ಕಾರ್ಬೈಡ್. ನಮ್ಮ ಹಾರ್ಡ್‌ವೇರ್ ಅಂಗಡಿಯವರ ಬಾಯಲ್ಲಿ ಕಾರ್ಬೊರಂಡಮ್. ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬ ಪುಣ್ಯಾತ್ಮ 1891ರಲ್ಲಿ ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕ್ ಇದ್ದಲಿನ ಪುಡಿಯನ್ನು ವಿದ್ಯುತ್ತಿನಲ್ಲಿ ಕಾಯಿಸಿದ. ವಜ್ರ ಸಿಗಲಿಲ್ಲ, ಮಿಣಮಿಣ ಹೊಳೆಯುವ ಹರಳು ಸಿಕ್ಕಿತು. ಗಡಸುತನದಲ್ಲಿ ವಜ್ರದ ಹತ್ತಿರ ಹತ್ತಿರಕ್ಕೆ ಬರುವಂಥದ್ದು. ಎರಡೇ ವರ್ಷಕ್ಕೆ, 1893ರಲ್ಲಿ, ಫ್ರಾನ್ಸಿನ ಆನ್ರಿ ಮ್ವಾಸಾನ್ ಅರಿಜೋನಾದಲ್ಲಿ ಸಿಕ್ಕ ಉಲ್ಕೆಯ ತುಣುಕೊಂದನ್ನು ಪರೀಕ್ಷಿಸುತ್ತಿದ್ದಾಗ ಅದೇ ವಸ್ತು ಅಲ್ಲಿ ಕಂಡಿತು. ಆಕಾಶದಿಂದ ಉದುರಬೇಕಾದ ಪುಡಿಯನ್ನು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಯೊಂದರಲ್ಲಿ ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬರುತ್ತೇನೆ. "ಮೊಸಾಯಿಕ್ ಕೆಲಸಾನಾ ಸಾರ್?" ಎಂದು ಅಂಗಡಿಯವರು ಪ್ರತಿಸಲ ಕೇಳುತ್ತಾರೆ. ಹೌದು ಎನ್ನುವುದು ಸುಲಭ.

ಪುಡಿಗೆ ನಂಬರುಗಳಿವೆ. 60/90 ಎಂದರೆ ತರಿ, 220 ಅದಕ್ಕಿಂತ ನಯ, 500 ಹಿಟ್ಟು. ಕೊನೆಯದು ಹೊಳಪಿನ ಪುಡಿ, ಅಲ್ಯೂಮಿನಿಯಂ ಆಕ್ಸೈಡೋ ಸೀರಿಯಂ ಆಕ್ಸೈಡೋ. ಜರಡಿಯ ಕಣ್ಣಿನ ಲೆಕ್ಕವಾದ್ದರಿಂದ ನಂಬರು ದೊಡ್ಡದಾದಷ್ಟೂ ಪುಡಿ ಸಣ್ಣದು. ಒಂದೊಂದು ಪುಡಿಗೆ ವಾರ ಅಥವಾ ಇನ್ನೂ ಹೆಚ್ಚು. ತರಿಯ ಹಂತದಲ್ಲಿ ಕಲ್ಲು ತನ್ನ ತೂಕದ ಕಾಲು ಭಾಗವನ್ನೇ ಕಳೆದುಕೊಂಡರೂ ಕೇಳುವವರಿಲ್ಲ. ಮೂಲೆ, ಮೊನೆ, ಗುಂಡಿ, ಬಿರುಕು ಎಲ್ಲವೂ ಅಲ್ಲೇ ಹೋಗಬೇಕು. ಮುಂದಿನ ಪುಡಿಗಳು ಹಿಂದಿನ ಪುಡಿ ಮಾಡಿದ ಗೀರನ್ನು ಅಳಿಸುತ್ತವೆ, ಅಷ್ಟೆ. ತರಿಯಲ್ಲಿ ಉಳಿದ ಗುಂಡಿಯನ್ನು ಹೊಳಪಿನ ಪುಡಿ ಮುಚ್ಚುವುದಿಲ್ಲ. ಹೊಳೆಯುವ ಗುಂಡಿ ಮಾಡಿ ಕೊಡುತ್ತದೆ.

ಇನ್ನು ತೊಳೆಯುವ ಕಥೆ. ಹೊಸಬರಿಗೆ ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ಪುಡಿ ಬದಲಿಸುವ ದಿನ ಡಬ್ಬದ ಮುಚ್ಚಳ ತೆಗೆದರೆ ಒಳಗೆ ಕಲ್ಲೇ ಇರುವುದಿಲ್ಲ. ರಾಗಿ ಅಂಬಲಿಯಂಥ ಬೂದು ಕೆಸರು, ಅದರಲ್ಲಿ ಅಲ್ಲಲ್ಲಿ ಎದ್ದ ಉಬ್ಬು. ಕೈ ಹಾಕಿ ಒಂದೊಂದನ್ನೇ ಎತ್ತಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪ್ರತಿಯೊಂದು ಕಲ್ಲನ್ನೂ ತಿಕ್ಕಬೇಕು. ಬಿರುಕಿದ್ದರೆ ಬಿರುಕಿನೊಳಗೆ, ಗುಂಡಿಯಿದ್ದರೆ ಗುಂಡಿಯೊಳಗೆ. ಆಮೇಲೆ ಡಬ್ಬ, ಮುಚ್ಚಳ, ಮುಚ್ಚಳದ ಅಂಚು, ಅಂಚಿನ ಒಳಗಿನ ಗೀರು. ತರಿಯ ಒಂದೇ ಒಂದು ಕಣ ಮುಂದಿನ ಹಂತಕ್ಕೆ ಕದ್ದು ನುಸುಳಿದರೆ ಅದು ವಾರವಿಡೀ ಡಬ್ಬದೊಳಗೆ ಸುತ್ತುತ್ತ ಅಷ್ಟೂ ಕಲ್ಲಿನ ಮೇಲೆ ಸಹಿ ಹಾಕಿ ಬರುತ್ತದೆ. ಆಮೇಲೆ ಹೊಳಪಿನ ಪುಡಿಗೆ ಎಷ್ಟು ದುಡ್ಡು ಸುರಿದರೂ ನೀರಿಗೆ ಹಾಕಿದ ಹಾಗೆ. ನನ್ನ ಅನುಭವದಲ್ಲಿ ಕಲ್ಲಿಗೆ ಹೊಳಪು ಕೊಡುವುದು ಪುಡಿಯಲ್ಲ, ತೊಳೆಯುವಿಕೆ. ಅರೆಯುವುದು ಮೋಟಾರಿನ ಪಾಲು; ಹವ್ಯಾಸಿಯ ಪಾಲಿಗೆ ಬರುವುದು ಪಾತ್ರೆ ತೊಳೆಯುವ ಕೆಲಸ. ನಲ್ವತ್ತು ವರ್ಷದಲ್ಲಿ ಒಂದು ಲೋಟ ತೊಳೆಯದ ಗಂಡ ಕಲ್ಲಿನ ಬೆನ್ನು ಉಜ್ಜುತ್ತ ಕೂತಿರುವುದನ್ನು ನೋಡಿ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅಡುಗೆಮನೆಯಿಂದ ಇನ್ನೆರಡು ಬಾಣಲೆ ತಂದು ಪಕ್ಕದಲ್ಲಿಟ್ಟು ಹೋದಳು.

ಕೆಸರು ತೊಳೆದ ಕ್ಷಣ ಕಲ್ಲು ಬಹಳ ಚೆಂದ ಕಾಣುತ್ತದೆ. ನಂಬಬಾರದು. ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂತಾಗ ನೀರಿನಡಿ ಕಂಡ ಬೆಣಚುಕಲ್ಲನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ನೋಡಿದರೆ, ಇದಕ್ಕಾ ಆಸೆಪಟ್ಟೆ ಎನ್ನಿಸುವುದಿಲ್ಲವೇ, ಅದೇ ಕಥೆ. ಒರಟು ಮೈಯ ಮೇಲೆ ಬೆಳಕು ಬಿದ್ದು ದಿಕ್ಕುದಿಕ್ಕಿಗೆ ಚೆದುರುತ್ತದೆ, ಕಲ್ಲು ಮಂಕಾಗಿ ಕಾಣುತ್ತದೆ. ನೀರು ಆ ಸಣ್ಣ ತಗ್ಗುಗಳನ್ನು ತುಂಬಿ ಮಟ್ಟಸ ಮಾಡುತ್ತದೆ, ಬಣ್ಣ ಎದ್ದು ಬರುತ್ತದೆ. ನೀರು ಆರಿದರೆ ಬಣ್ಣವೂ ಆರಿತು. ಆದ್ದರಿಂದ ಪರೀಕ್ಷೆ ಯಾವಾಗಲೂ ಒಣ ಕಲ್ಲಿನ ಮೇಲೆ. ಟವೆಲಿನಲ್ಲಿ ಒರೆಸಿ, ಫ್ಯಾನಿನ ಕೆಳಗಿಟ್ಟು, ಆಮೇಲೆ ಕಿಟಕಿಯ ಕಡೆ ಹಿಡಿದು ಓರೆ ಮಾಡಬೇಕು. ಕಿಟಕಿಯ ಸರಳುಗಳು ಕಲ್ಲಿನ ಮೈಯಲ್ಲಿ ಗೆರೆಗೆರೆಯಾಗಿ ಕಂಡರೆ ಗೆದ್ದಿರಿ. ಬರೀ ಬೆಳ್ಳನೆಯ ಮಬ್ಬು ಕಂಡರೆ ಮತ್ತೆ ಡಬ್ಬಕ್ಕೆ. ಹೊಳಪು ಬಂದ ಕಲ್ಲು ಒಣಗಿದಾಗಲೂ ಒದ್ದೆಯಾಗಿಯೇ ಕಾಣುತ್ತದೆ. ಸಾಧನೆಯೆಂದರೆ ಅಷ್ಟೇ.

ಕಲ್ಲಿಗೇನು ಬರ, ಕರ್ನಾಟಕ ತುಂಬ ಕಲ್ಲೇ ಅಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಸೈಟು ಅಗೆದರೆ ಬಂಡೆ, ಬೋರ್ ಕೊರೆಸಿದರೆ ಬಂಡೆ. ಲಾಲ್‌ಬಾಗಿನ ಗುಡ್ಡ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ; ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಸಾಹೇಬರು 1916ರಲ್ಲಿ ಈ ಶಿಲೆಗೆ ಪೆನಿನ್ಸುಲರ್ ನೈಸ್ ಎಂದು ನಾಮಕರಣ ಮಾಡಿದರು. ಈ ಶಿಲೆ ಭೂಮಿಯ ಮೇಲಿನ ಹಿರೀಕರಲ್ಲಿ ಒಂದು. ಆದರೆ ಟಂಬ್ಲರಿಗೆ ಪ್ರಯೋಜನವಿಲ್ಲ. ನೈಸ್ ಆಗಲಿ ಗ್ರಾನೈಟ್ ಆಗಲಿ ಒಂದು ಕಲ್ಲಲ್ಲ, ಸಮ್ಮಿಶ್ರ ಸರ್ಕಾರ. ಫ್ರೀಡ್ರಿಕ್ ಮೋಸ್ 1812ರಲ್ಲಿ ಹಾಕಿಕೊಟ್ಟ ಗಡಸುತನದ ಏಣಿಯಲ್ಲಿ ಅದರೊಳಗಿನ ಬೆಣಚು 7ನೇ ಮೆಟ್ಟಿಲು, ಫೆಲ್ಡ್‌ಸ್ಪಾರ್ 6, ಕಾಗೆಬಂಗಾರ 3ರ ಆಸುಪಾಸು. ಮೆತ್ತನೆಯವನು ಮೊದಲು ಸವೆದು ಗುಂಡಿ ಬೀಳುತ್ತಾನೆ, ಗಟ್ಟಿಗ ತಲೆಯೆತ್ತಿ ನಿಲ್ಲುತ್ತಾನೆ, ಹರಳುಗಳು ಕಿತ್ತು ಬರುತ್ತವೆ. ಹಾಗಾದರೆ ಅಡುಗೆಕಟ್ಟೆಯ ಗ್ರಾನೈಟ್ ಹೊಳೆಯುವುದು ಹೇಗೆ? ಅದು ಚಪ್ಪಟೆ ಹಲಗೆ. ವಜ್ರದ ಪುಡಿ ಕೂರಿಸಿದ ಚಕ್ರವನ್ನು ಅದರ ಮೇಲೆ ಒತ್ತಿ ತಿರುಗಿಸುತ್ತಾರೆ. ಆ ದರ್ಪ ನಮ್ಮ ಡಬ್ಬಕ್ಕಿಲ್ಲ.

ಶಹಾಬಾದಿ ಕಲ್ಲು ಹಾಕಿದರೆ? ಅದು ಸುಣ್ಣದ ಕಲ್ಲು, ಗಟ್ಟಿ ಕಲ್ಲುಗಳ ಜೊತೆ ಹಾಕಿದರೆ ಅಂಬಲಿಯೇ ಆಗಿ ಹೋಗುತ್ತದೆ. ಬೇಲೂರು ಹಳೇಬೀಡಿನ ಬಳಪದ ಕಲ್ಲಂತೂ ಇನ್ನೂ ಮೆತ್ತಗೆ. ಮೆತ್ತಗಿದ್ದದ್ದಕ್ಕೇ ಹೊಯ್ಸಳ ಶಿಲ್ಪಿಗಳು ಒಂದು ಬಳೆಯೊಳಗೆ ಇನ್ನೊಂದು ಬಳೆ ಕಡೆದರು, ಕಂಬಗಳನ್ನು ತಿರುಗಿಸಿ ನುಣುಪು ತೆಗೆದರು. ಆ ಕೈಗಳ ಮುಂದೆ ನನ್ನ ಮೋಟಾರಿನ ಮಾತು ಆಡದಿರುವುದೇ ಲೇಸು.

ಸರಿಯಾದ ಕಲ್ಲಿರುವುದು ಉತ್ತರದಲ್ಲಿ. ವಿಜಯಪುರ, ಕಲಬುರಗಿ, ಬೀದರ ಕಡೆಯ ಕಪ್ಪು ನೆಲದಡಿ ದಖನ್ನಿನ ಲಾವಾ ಇದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಆ ಲಾವಾದಲ್ಲಿ ಗಾಳಿಗುಳ್ಳೆಗಳು ಸಿಕ್ಕಿಕೊಂಡವು. ಆ ಗುಳ್ಳೆಗಳಿಗೆ ಸಿಲಿಕಾ ಕರಗಿದ ನೀರು ಇಳಿದು ಪದರ ಪದರವಾಗಿ ಕಟ್ಟಿ ಅಗೇಟ್ ಆಯಿತು. ಸುತ್ತಲಿನ ಬಂಡೆ ಮಣ್ಣಾಗಿ ಎರೆಭೂಮಿಯಾದರೂ ಅಗೇಟ್ ಕರಗದೆ ಉಳಿಯಿತು. ಇಂಡಿ ಕಡೆಯ ನೆಂಟರೊಬ್ಬರ ಹೊಲದಲ್ಲಿ ಇಂಥವು ಕುಂಟೆಗೆ ಸಿಕ್ಕುತ್ತವೆ. ಶಾಪ ಹಾಕಿ ಬದುವಿಗೆ ಎಸೆಯುತ್ತಾರೆ. ನಾನು ಆ ಬದುವಿನ ಮೇಲೆ ಕೂತು ಆರಿಸುತ್ತಿದ್ದರೆ ಅವರು ಬಹಳ ಹೊತ್ತು ನೋಡಿ, "ಕಲ್ಲಾಗ ಏನೈತ್ರಿ ಅಂಥಾದ್ದು? ಜ್ವಾಳ ಒಯ್ರಿ, ತಿನ್ನಾಕರ ಬರ್ತದ" ಎಂದರು. ಹೊರಗಿನಿಂದ ನೋಡಿದರೆ ಅವರ ಮಾತೇ ಸರಿ. ಮುದ್ದೆಗಟ್ಟಿದ, ಸುಣ್ಣ ಮೆತ್ತಿದ, ಯಾವ ಆಕಾರವೂ ಇಲ್ಲದ ಗಡ್ಡೆ. ತರಿಯ ಹಂತ ಮುಗಿದ ಮೇಲೆ ಅದರೊಳಗಿಂದ ಹಾಲುಬಿಳುಪಿನ ಗೆರೆ, ಅದರಾಚೆ ಜೇನುಬಣ್ಣ, ಮತ್ತೆ ಬಿಳುಪು ಕಾಣುತ್ತ ಬರುತ್ತದೆ. ಮುಂದಿನ ಸಲ ಹೋದಾಗ ಹೊಳಪಿಟ್ಟ ಒಂದನ್ನು ಅವರ ಕೈಯಲ್ಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ ಅಂಗಿಯ ಕಿಸೆಗೆ ಹಾಕಿಕೊಂಡರು, ವಾಪಸು ಕೊಡಲಿಲ್ಲ. ಜೋಳವನ್ನೂ ಕೊಟ್ಟರೆನ್ನಿ.

ನೀರು ಉರುಳಿಸಿದ ಕಲ್ಲಿಗೆ ಕೈಮುಗಿಯುವುದು ನಮಗೆ ಹೊಸದಲ್ಲ. ಪಂಚಾಯತನ ಪೂಜೆಯ ಸಂಪುಟದಲ್ಲಿ ವಿಗ್ರಹಗಳಿರುವುದಿಲ್ಲ, ಕಲ್ಲುಗಳಿರುತ್ತವೆ. ಶಿವನಿಗೆ ನರ್ಮದೆಯ ಬಾಣಲಿಂಗ, ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಗಣಪತಿಗೆ ಶೋಣಾನದಿಯ ಕೆಂಪು ಕಲ್ಲು, ಅಂಬಿಕೆಗೆ ಸುವರ್ಣಮುಖಿಯದು, ಸೂರ್ಯನಿಗೆ ಸ್ಫಟಿಕ. ನಮ್ಮತ್ತೆಗೆ ಇದೆಲ್ಲ ಬಾಯಿಪಾಠ. ಸಂಡೂರಿನ ಕಡೆಯಿಂದ ಗೆಳೆಯರೊಬ್ಬರು ತಂದುಕೊಟ್ಟ ಕೆಂಪು ಜ್ಯಾಸ್ಪರ್ ಹೊಳಪಾಗಿ ಬಂದ ದಿನ ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, "ಯಾವ ನದೀದಪ್ಪ ಇದು?" ಎಂದರು.

"ನದೀದಲ್ಲ ಅತ್ತೆ, ಮೋಟಾರಿಂದು."

"ನೀರಲ್ಲೇ ತಾನೆ ಉರುಳಿದ್ದು?"

"ಹೌದು."

"ಮತ್ತೆ?" ಎಂದು ಎದ್ದುಹೋದರು. ಈಗ ಅದಕ್ಕೆ ದಿನಾ ಅಭಿಷೇಕ. ಆ ಡಬ್ಬದಿಂದ ಬಂದವುಗಳಲ್ಲಿ ನೌಕರಿ ಸಿಕ್ಕಿರುವುದು ಅದೊಂದಕ್ಕೇ.

ಕಲ್ಲು ಉಜ್ಜುವುದು ಅಮೆರಿಕದ ಮಕ್ಕಳ ಆಟವೆಂದು ಮೊದಲು ಹೇಳಿದೆನಲ್ಲ, ಬಳ್ಳಾರಿಗೆ ಹೋಗಿಬಂದ ಮೇಲೆ ಆ ಮಾತಿನಲ್ಲಿ ಸತ್ವ ಉಳಿಯಲಿಲ್ಲ. ಊರ ಹೊರಗಿನ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಡಾಲರೈಟ್ ಎಂಬ ಕರಿಗಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಒಂದೆರಡಲ್ಲ, ಕಾರ್ಖಾನೆಯ ಮಟ್ಟದಲ್ಲಿ. ಒಡೆದು, ಕುಟ್ಟಿ, ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ಅಲಗು ತೆಗೆಯುವುದು. ಉಜ್ಜಿದ ಜಾಗ ಬಂಡೆಯ ಮೇಲೆ ಉದ್ದುದ್ದ ತಗ್ಗಾಗಿ ಇಂದೂ ಇದೆ. ಬೆರಳಿಟ್ಟರೆ ಸುತ್ತಲಿನ ಬಂಡೆ ಚುರುಚುರು, ತಗ್ಗು ಮಾತ್ರ ನುಣುಪು. ಮೋಟಾರಿಲ್ಲ, ನಂಬರು ಹಾಕಿದ ಪುಡಿಯಿಲ್ಲ, ಎದುರುಮನೆಯಾಕೆಗೆ ಸಮಜಾಯಿಷಿ ಹೇಳುವ ಪಾಡೂ ಇಲ್ಲ. ಆ ಕೊಡಲಿಗಳನ್ನು ನೋಡಬೇಕೆಂದರೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಗುಡ್ಡದ ಒಂದಷ್ಟು ಭಾಗ ಜಲ್ಲಿಯ ಕ್ವಾರಿಗೆ ಹೋಗಿದೆ. ಉಳಿದದ್ದನ್ನು ನೋಡುವ ಮನಸ್ಸಿರುವವರು ತಡಮಾಡಬಾರದು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಹೆಂಡತಿಯ ಪ್ರಶ್ನೆ ಹಾಗೇ ನಿಂತಿದೆ. ಇಂಥವೇ ಕಲ್ಲು ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತವಲ್ಲ? ಸಿಗುತ್ತವೆ. ಮೀನಿನ ತೊಟ್ಟಿಗೆ, ಹೂಕುಂಡಕ್ಕೆ ಹಾಕುವ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತವೆ. ನಮ್ಮ ದೇಶದಲ್ಲಿ ಅಗೇಟ್ ಕೆಲಸದ ದೊಡ್ಡ ಕೇಂದ್ರ ಗುಜರಾತಿನ ಖಂಭಾತ್. ರತನಪುರದ ಗಣಿಗಳಿಂದ ಕಲ್ಲು ಬರುತ್ತದೆ. ಬಿಸಿಲಿಗೆ ಹರವಿ, ಮಡಕೆಯಲ್ಲಿಟ್ಟು ಸುಟ್ಟರೆ ಕಂದು ಕಲ್ಲು ಕೆಂಪಾಗುತ್ತದೆ. ಹಿಂದೆ ಮಣಿಗಳನ್ನು ನೀರು ಮತ್ತು ಪುಡಿಯ ಜೊತೆ ತೊಗಲಿನ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ಆ ಚೀಲವನ್ನು ಅವರಿಂದ ಇವರಿಗೆ, ಇವರಿಂದ ಅವರಿಗೆ ದಿನಗಟ್ಟಲೆ ಉರುಳಿಸುತ್ತಿದ್ದರು. ಮೋಟಾರಿನ ಜಾಗದಲ್ಲಿ ಮನುಷ್ಯರು. ಆದರೆ ಚೀಲಕ್ಕೆ ಹೋಗುವ ಮುಂಚಿನ ಕೆಲಸ, ಕಲ್ಲನ್ನು ಚಕ್ರಕ್ಕೆ ಹಿಡಿದು ಆಕಾರ ಕೊಡುವುದು, ಅಲ್ಲಿಯ ಜನರನ್ನು ತಿಂದುಹಾಕಿದೆ. ಒಣ ಕಲ್ಲಿನಿಂದೇಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ. ಅದಕ್ಕೆ ಸಿಲಿಕೋಸಿಸ್ ಎಂದು ಹೆಸರು, ಗುಣಪಡಿಸುವ ಮದ್ದಿಲ್ಲ. ಖಂಭಾತಿನ ಅಗೇಟ್ ಕೆಲಸಗಾರರಲ್ಲಿ ಈ ಕಾಯಿಲೆ ಎಷ್ಟೋ ಕುಟುಂಬಗಳನ್ನು ಮುಳುಗಿಸಿದೆ. ಕೆಜಿ ಲೆಕ್ಕದ ಅಗ್ಗದಲ್ಲಿ ಆ ಕೆಮ್ಮಿನ ಬೆಲೆ ಸೇರಿರುವುದಿಲ್ಲ.

ನಮ್ಮ ಡಬ್ಬದಲ್ಲಿ ಎಲ್ಲವೂ ನೀರಿನಡಿ ನಡೆಯುವುದರಿಂದ ಧೂಳಿಲ್ಲ. ಕೆಸರು ಒಣಗದಂತೆ ನೋಡಿಕೊಂಡರೆ ಸಾಕು. ಅಂದ ಮೇಲೆ ಕೊನೆಗೂ ಮಾತು ತೊಳೆಯುವ ಕಡೆಗೇ ಬಂತು.

ಇದನ್ನು ಓದಿ ಯಾರಿಗಾದರೂ ಡಬ್ಬ ಕೊಳ್ಳುವ ಮನಸ್ಸಾದರೆ ಸಂತೋಷ. ಒಂದೇ ಗಡಸಿನ ಕಲ್ಲುಗಳನ್ನು ಜೊತೆಗೆ ಹಾಕಿ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಮುಚ್ಚಿ, ಕೆಲವು ಕಲ್ಲು ಗಾಳಿ ಬಿಡುತ್ತವೆ. ಹಂಪಿಯಲ್ಲೋ ಸಂಗನಕಲ್ಲಿನಲ್ಲೋ ಹರಳು ಕಂಡರೆ ಕಂಡಲ್ಲೇ ಬಿಡಿ. ಅದು ನಿಮ್ಮದಲ್ಲ, ಕಾನೂನೂ ಒಪ್ಪುವುದಿಲ್ಲ. ಹೊಲದವರನ್ನು ಕೇಳಿ ಆರಿಸಿ, ಯಾರೂ ಬೇಡವೆನ್ನುವುದಿಲ್ಲ. ಇನ್ನು ಆ ಬೂದು ಕೆಸರು: ಹಳೆಯ ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಸಿದು, ಹಸಿಯಿರುವಾಗಲೇ ಹಿತ್ತಲಿನ ಮೂಲೆಯಲ್ಲಿ ಹೂಳಿ. ಅಡುಗೆಮನೆಯ ಸಿಂಕಿಗೆ ಮಾತ್ರ ದಯವಿಟ್ಟು ಸುರಿಯಬೇಡಿ. ಪೈಪಿನ ಬಾಗಿನಲ್ಲಿ ಅದು ಕೂತು ಸಿಮೆಂಟಾಗುತ್ತದೆ, ಆಮೇಲೆ ಪೈಪನ್ನೇ ಕತ್ತರಿಸಬೇಕಾಗುತ್ತದೆ.